ತಲೆಯ ಮೇಲೊಂದು ಮೊಟ್ಟೆ

ಎಲ್ಲಕ್ಕೂ ಮೂಲ ಒಂದು ಅಂಟಿನ ಬಾಟಲಿ. ಅದು ಹಡಗಿನಲ್ಲಿ ಇರಲಿಲ್ಲ. ಮನೆಯ ಬಚ್ಚಲಿನ ಗೂಡಿನಲ್ಲಿ ಹಾಯಾಗಿ ಕೂತಿತ್ತು.

"ಇದೇ ತಾನೇ?" ಎಂದು ಹೆಂಡತಿ ಸೂಟ್‌ಕೇಸಿನಿಂದ ತೆಗೆದುಕೊಟ್ಟ ಹಸಿರು ಬಾಟಲಿಯ ಮುಚ್ಚಳ ಬಿಚ್ಚಿ ಮೂಸಿದ ಜೊಂಪೆರಾಯ ಹಾವು ತುಳಿದವನಂತೆ ಹಿಂದಕ್ಕೆ ಹಾರಿದ. ಹಡಗಿನ ಆ ಕೋಣೆಯಲ್ಲಿ ಹಿಂದಕ್ಕೆ ಹಾರಲು ಇದ್ದ ಜಾಗ ಒಂದೇ ಅಡಿ. ಬೆನ್ನು ಬಾಗಿಲಿಗೆ ಬಡಿಯಿತು.

"ಇದು ಎಣ್ಣೆ ಕಣೇ! ಅಂಟು ಎಲ್ಲಿ?"

"ನಿಮ್ಮ ಅಂಟೂ ಇದೇ ಥರದ ಬಾಟಲೀಲಿ ತಾನೇ ಇರೋದು? ಯಾರಿಗೂ ಗೊತ್ತಾಗಬಾರದು ಅಂತ ಖಾಲಿ ಎಣ್ಣೆ ಬಾಟಲೀಲಿ ಅಂಟು ತುಂಬಿಸಿಟ್ಟಿದ್ದು ಯಾರು? ನಾನಾ?"

ಜೊಂಪೆರಾಯ ಮಂಚದ ಮೇಲೆ, ಮಲಗಿದ ಬೆಕ್ಕಿನಂತೆ ಬಿದ್ದಿದ್ದ ತನ್ನ ವಿಗ್ಗನ್ನು ನೋಡುತ್ತ ಕುಸಿದು ಕೂತ.

ಅವನು ಕೇಶತೈಲ ಕಂಪನಿಯೊಂದರ ಮಾರಾಟಗಾರ. ಹಣೆಯ ಮೇಲೆ ದ್ರಾಕ್ಷಿ ಗೊಂಚಲಿನಂತೆ ಇಳಿಬಿದ್ದ ಕೂದಲು ನೋಡಿ ಜೊತೆಯವರು ಇಟ್ಟ ಹೆಸರೇ ಜೊಂಪೆರಾಯ. ಯಾವ ಅಂಗಡಿಗೆ ಹೋದರೂ ಅವನು ಮಾತು ಬೆಳೆಸುತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ತಲೆ ಬಗ್ಗಿಸಿ, "ಎಳೆದು ನೋಡಿ ಸ್ವಾಮಿ" ಎನ್ನುತ್ತಿದ್ದ. ಅಂಗಡಿಯವರು ಎಳೆಯುತ್ತಿದ್ದರು. ಎಳೆದು ಎಳೆದು ಜೊಂಪೆರಾಯನೇ ನೆಲ ಬಿಟ್ಟು ಮೇಲೇಳುತ್ತಿದ್ದನೇ ಹೊರತು ಒಂದು ಕೂದಲೂ ಬರುತ್ತಿರಲಿಲ್ಲ. ಅಂಗಡಿಯವರು ಬೆರಗಾಗಿ ಎರಡು ಪೆಟ್ಟಿಗೆ ಹೆಚ್ಚು ಎಣ್ಣೆ ತರಿಸಿಕೊಳ್ಳುತ್ತಿದ್ದರು. ಅದೆಲ್ಲ ಅಂಟಿನ ಮಹಿಮೆ ಎಂಬುದು ಗಂಡ ಹೆಂಡಿರಿಬ್ಬರಿಗೇ ಗೊತ್ತಿದ್ದ ಗುಟ್ಟು.

ಈ ವರ್ಷ ಮಾಲೀಕರು ತಮ್ಮ ಡೀಲರುಗಳನ್ನೂ ಮುಖ್ಯ ಮಾರಾಟಗಾರರನ್ನೂ ಹಡಗು ಹತ್ತಿಸಿ, ಜ್ವಾಲಾಮುಖಿಗಳಿಂದ ಹುಟ್ಟಿದ ದೂರದ ದ್ವೀಪಗಳ ಪ್ರಾಣಿಪಕ್ಷಿಗಳನ್ನು ತೋರಿಸಲು ಕರೆತಂದಿದ್ದರು. ಪ್ರಾಣಿಗಳೆಂದರೆ ಅವರಿಗೆ ಪ್ರಾಣ. ನೌಕರರನ್ನು ಬಿಟ್ಟು ಉಳಿದೆಲ್ಲ ಜೀವಿಗಳ ಮೇಲೂ ಅವರಿಗೆ ಅಪಾರ ಕರುಣೆ. ಇಂದು ರಾತ್ರಿಯ ಊಟದ ಹೊತ್ತಿಗೆ ಹೊಸ ಶಾಖೆಯ ಮ್ಯಾನೇಜರ್ ಯಾರೆಂದು ಹೇಳುವವರಿದ್ದರು. ಜೊಂಪೆರಾಯನೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಆದರೆ ಅದಕ್ಕೂ ಮುಂಚೆ ಮಾಲೀಕರು ಸ್ವತಃ, ಎಲ್ಲ ಡೀಲರುಗಳ ಎದುರು, ಅವನ ಕೂದಲು ಎಳೆಯುವ ಕಾರ್ಯಕ್ರಮವಿತ್ತು.

"ಈಗೇನು ಮಾಡ್ಲಿ? ಹತ್ತು ವರ್ಷ ಬಿಸಿಲಲ್ಲಿ ಅಂಗಡಿ ಅಂಗಡಿ ಅಲೆದಿದ್ದೀನಿ. ಇವತ್ತು ಅವರ ಕೈಗೆ ವಿಗ್ ಬಂದರೆ ಮ್ಯಾನೇಜರ್ ಗಿರಿ ಹಾಳಾಗಿ ಹೋಗಲಿ, ಇರೋ ಕೆಲಸಾನೂ ಹೋಗುತ್ತೆ."

"ರಾತ್ರಿ ಮಾತು ರಾತ್ರಿಗೆ. ಈಗ ದೋಣಿ ಹೊರಡುತ್ತೆ, ತಲೆ ಕೊಡಿ ಇಲ್ಲಿ," ಎಂದು ಹೆಂಡತಿ ಬೆಳಗಿನ ತಿಂಡಿಯ ತಟ್ಟೆಯಲ್ಲಿ ಉಳಿದಿದ್ದ ಕೆಂಪು ಜಾಮನ್ನು ಅವನ ಬೋಳುತಲೆಗೆ ದಪ್ಪಗೆ ಬಳಿದು, ವಿಗ್ ಕೂರಿಸಿ ಒತ್ತಿದಳು.

ಮೇಲೊಂದು ಟೋಪಿ ಇಟ್ಟುಕೊಳ್ಳೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಕೇಶತೈಲ ಕಂಪನಿಯವರು ಕೂದಲು ಮುಚ್ಚಿಕೊಂಡು ತಿರುಗಬಾರದೆಂಬುದು ಮಾಲೀಕರ ಕಟ್ಟಪ್ಪಣೆ.

ರಬ್ಬರ್ ದೋಣಿಯಿಂದ ದ್ವೀಪಕ್ಕೆ ಇಳಿದರೆ ಎಲ್ಲೆಲ್ಲೂ ಕರಕಲು ಕಲ್ಲು. ಒಂದು ಹುಲ್ಲುಕಡ್ಡಿಯೂ ಇಲ್ಲ. ದಂಡೆಯಲ್ಲಿ ಕಡಲಸಿಂಹಗಳು ಮದುವೆ ಊಟ ಮುಗಿಸಿದ ನೆಂಟರಂತೆ ಅಡ್ಡಾದಿಡ್ಡಿ ಮಲಗಿದ್ದವು.

"ಇಲ್ಲಿ ಪ್ರಾಣಿಗಳೇ ಮನೆಯವರು, ನಾವು ಕರೆಯದೆ ಬಂದವರು," ಎಂದಳು ಗೈಡ್ ಹುಡುಗಿ, ಒಬ್ಬೊಬ್ಬರ ಮುಖವನ್ನೂ ನೋಡಿ. "ಮುಟ್ಟೋ ಹಾಗಿಲ್ಲ, ಓಡಿಸೋ ಹಾಗಿಲ್ಲ. ದಾರಿಗೆ ಅಡ್ಡ ಮಲಗಿದ್ರೆ ನಾವೇ ಸುತ್ತಿಕೊಂಡು ಹೋಗಬೇಕು. ಯಾರಾದ್ರೂ ಒಂದು ಹಕ್ಕೀನ ಎಬ್ಬಿಸಿದ್ರೂ ಇಡೀ ಗುಂಪಿನ ಪ್ರವಾಸ ರದ್ದು."

"ಎಬ್ಬಿಸಿದವನ ಕೆಲಸವೂ ರದ್ದು," ಎಂದು ಮಾಲೀಕರು ಸೇರಿಸಿದರು.

ದ್ವೀಪದ ಮೇಲೆ ಗಾಳಿಯೋ ಗಾಳಿ. ಜಾಮು ಬಿಸಿಲಿಗೆ ಕರಗಿ ಕಿವಿಯ ಹಿಂದೆ ಇಳಿಯತೊಡಗಿತ್ತು. ಜೊಂಪೆರಾಯ ಎರಡು ಕೈಯಲ್ಲೂ ಹಣೆ ಹಿಡಿದುಕೊಂಡು, ಪ್ರಕೃತಿಯ ಸೊಬಗಿಗೆ ಮೈಮರೆತವನಂತೆ ನಟಿಸುತ್ತ ಗಾಳಿಗೆ ಮರೆಯಾದ ಒಂದು ಬಂಡೆ ಹುಡುಕಿದ. ಅದಕ್ಕೆ ಒರಗಿ ಕೂತರೆ ಬಂಡೆಯ ನೆತ್ತಿಯೂ ಅವನ ನೆತ್ತಿಯೂ ಸರಿಸಮ. ಇನ್ನು ದೋಣಿ ಹೊರಡುವ ತನಕ ಅಲ್ಲಾಡುವುದಿಲ್ಲ ಎಂದು ಶಪಥ ಮಾಡಿ ಕಣ್ಣು ಮುಚ್ಚಿದ.

ಆಗ ತಲೆಯ ಮೇಲೆ ಧೊಪ್ಪೆಂದು ಏನೋ ಬಿತ್ತು.

ಬಾತುಕೋಳಿ ಗಾತ್ರದ ಬಿಳಿಯ ಕಡಲಹಕ್ಕಿ. ಕಾಲು ಕೆಂಪು, ಕೊಕ್ಕು ನೀಲಿ. ಕೊಕ್ಕಿನಲ್ಲೊಂದು ಕಡ್ಡಿ. ಅದು ವಿಗ್ಗಿನ ಮೇಲೆ ಎರಡು ಸುತ್ತು ತಿರುಗಿ, ಕಾಲಿನಿಂದ ಕೂದಲನ್ನು ಹದ ಮಾಡಿ, ಕಡ್ಡಿಯನ್ನು ಸಿಕ್ಕಿಸಿ, ಬಾಡಿಗೆ ಮನೆ ಒಪ್ಪಿಗೆಯಾದ ಗೃಹಿಣಿಯಂತೆ ಕೂತುಬಿಟ್ಟಿತು.

"ಸಾರ್! ಅಲ್ಲಾಡಬೇಡಿ!" ಗೈಡ್ ಹುಡುಗಿ ಓಡಿಬಂದಳು. ಅವಳ ಕಣ್ಣಲ್ಲಿ ನೀರು. "ಇದು ಪೊದೇಲಿ ಮಾತ್ರ ಗೂಡು ಕಟ್ಟೋ ಹಕ್ಕಿ. ಹೋದ ವರ್ಷ ಜ್ವಾಲಾಮುಖಿ ಬೆಂಕಿ ಉಗುಳಿದಾಗ ಇಲ್ಲಿನ ಪೊದೆಗಳೆಲ್ಲ ಸುಟ್ಟುಹೋದವು. ಪಾಪ, ನಿಮ್ಮ ತಲೇನ ಪೊದೆ ಅಂದ್ಕೊಂಡಿದೆ!"

ಗುಂಪು ನೆರೆಯಿತು. ಕ್ಯಾಮೆರಾಗಳು ಕ್ಲಿಕ್ಕೆಂದವು. ಮಾಲೀಕರ ಎದೆ ಉಬ್ಬಿತು. "ನೋಡ್ರಯ್ಯ! ಹಕ್ಕಿಗೂ ಗೊತ್ತಾಗಿದೆ ನಮ್ಮ ಎಣ್ಣೆ ಗುಣ!"

"ಹಾರಿಸಿಬಿಡ್ಲಾ ಸಾರ್?" ಎಂದು ಕೈಯೆತ್ತಿದ ಒಬ್ಬ ಡೀಲರು.

"ಬೇಡ!" ಎಂದು ಕೂಗಿದ್ದು ಗೈಡಲ್ಲ, ಮಾಲೀಕರೂ ಅಲ್ಲ, ಜೊಂಪೆರಾಯ. ಹಕ್ಕಿ ಹಾರಿದರೆ ವಿಗ್ಗೂ ಜೊತೆಗೆ ಹಾರುತ್ತದೆಂದು ಅವನ ಜೀವ ಬಾಯಿಗೆ ಬಂದಿತ್ತು.

"ಎಂಥ ದಯಾಳು!" ಎಂದಳು ಗೈಡ್ ಹುಡುಗಿ.

ದಯಾಳುವಿನ ಮುಖ ಅಷ್ಟರಲ್ಲಿ ಬಿಳಿಚಿಕೊಂಡಿತು. ತಲೆಯ ಮೇಲೆ ಬೆಚ್ಚಗೆ, ದುಂಡಗೆ, ಭಾರವಾಗಿ ಏನೋ ಇಳಿದಿತ್ತು.

"ಏನೋ ಆಯ್ತು," ಎಂದ ಕ್ಷೀಣ ದನಿಯಲ್ಲಿ.

ಹುಡುಗಿ ಬಂಡೆ ಹತ್ತಿ ಬಗ್ಗಿ ನೋಡಿದಳು. "ಮೊಟ್ಟೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬಿಬ್ಬರು ಜೊಂಪೆರಾಯನ ಕೈ ಕುಲುಕಿ ಅಭಿನಂದಿಸಿದರು, ಮೊಟ್ಟೆಯನ್ನು ಅವನೇ ಇಟ್ಟಿದ್ದನೋ ಎನ್ನುವಂತೆ.

"ಮರಿ ಆಗೋಕೆ ಒಂದೂವರೆ ತಿಂಗಳು ಬೇಕು," ಎಂದಳು ಹುಡುಗಿ. "ಅಲ್ಲಿವರೆಗೂ ಗೂಡು ಮುಟ್ಟೋ ಹಾಗಿಲ್ಲ."

ಆ ಹೊತ್ತಿಗೆ ಬಾಯಿಬಿಟ್ಟವನು, ಎಲ್ಲರೂ ಸಾಬೂನು ಎಂದೇ ಕರೆಯುತ್ತಿದ್ದವನು. ಕಂಪನಿಯ ಸಾಬೂನು ವಿಭಾಗದ ಮಾರಾಟಗಾರ, ಮ್ಯಾನೇಜರ್ ಕುರ್ಚಿಯ ಮೇಲೆ ಜೊಂಪೆರಾಯನಷ್ಟೇ ಕಣ್ಣಿಟ್ಟವನು. "ಇಲ್ಲೇ ಇರ್ಲಿ ಬಿಡಿ ಸಾರ್. ಊಟ, ಕೊಡೆ ಕಳಿಸೋಣ. ಇಂಥ ಭಾಗ್ಯ ಎಲ್ಲರಿಗೂ ಎಲ್ಲಿ ಸಿಗುತ್ತೆ? ಶಾಖೆ ಕೆಲಸ ಹೇಗೂ ನಾನು ನೋಡ್ಕೋತೀನಿ."

ಮಾಲೀಕರು ಗಂಭೀರವಾಗಿ ಯೋಚಿಸಿದರು. "ಒಂದೂವರೆ ತಿಂಗಳು ರಜೆ ಕೊಡಬಹುದು. ಸಂಬಳ ಇಲ್ಲದ ರಜೆ."

"ಸಾರ್, ಬಾವಿ ಇಲ್ಲ, ಮನೆ ಇಲ್ಲ..." ಎಂದು ಜೊಂಪೆರಾಯ ಗೋಗರೆದ.

"ಹಕ್ಕಿಗಿದೆಯೇನಯ್ಯ?" ಎಂದು ಕೇಳಿ ಮಾಲೀಕರು ಅವನ ಬಾಯಿ ಮುಚ್ಚಿಸಿದರು.

ಕೊನೆಗೆ ಕ್ಯಾಪ್ಟನ್ನನ್ನು ವೈರ್‌ಲೆಸ್ಸಿನಲ್ಲಿ ಕೇಳುವುದೆಂದು ತೀರ್ಮಾನವಾಯಿತು. ವೈರ್‌ಲೆಸ್ ದೋಣಿಯಲ್ಲಿತ್ತು, ಮಧ್ಯಾಹ್ನದ ಊಟದ ಪೊಟ್ಟಣಗಳೂ ದೋಣಿಯಲ್ಲಿದ್ದವು. ಹೀಗಾಗಿ ಎಲ್ಲರೂ ಒಂದೇ ಉಸಿರಿಗೆ ದಂಡೆಯ ಕಡೆ ಇಳಿದರು. ಹೆಂಡತಿಯೊಬ್ಬಳು ಉಳಿದಳು.

"ರೀ, ಅವರು ಬರೋಷ್ಟರಲ್ಲಿ ಕೆಳಗಿಂದ ಜಾರಿಬಿಡಿ."

"ವಿಗ್ಗು?"

"ಹಾಳಾಗಿ ಹೋಗಲಿ ವಿಗ್ಗು! ಹಕ್ಕಿ ಸಂಸಾರ ನೋಡ್ತೀರೋ, ನಮ್ಮ ಸಂಸಾರ ನೋಡ್ತೀರೋ? ತಲೆಗೆ ಟವೆಲ್ ಸುತ್ತಿ ಬಿಸಿಲು ಹೊಡೆದಿದೆ ಅಂತೀನಿ. ರಾತ್ರಿ ಮಾತ್ರೆ ನುಂಗಿ ಮಲಗಿದ್ದಾರೆ ಅಂತೀನಿ. ಮಲಗಿರೋರ ಕೂದಲು ಯಾರೂ ಎಳೆಯಲ್ಲ."

ಹತ್ತು ವರ್ಷದ ಸಂಸಾರದಲ್ಲಿ ಹೆಂಡತಿ ಇಷ್ಟು ಜಾಣೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳು ವಿಗ್ಗಿನ ಎರಡು ಅಂಚು ಹಿಡಿದು, ಹಾಲು ತುಂಬಿದ ಪಾತ್ರೆಯನ್ನು ಒಲೆಯಿಂದ ಇಳಿಸುವ ಜಾಗ್ರತೆಯಿಂದ ಹಿಂದಿನ ಬಂಡೆಯ ನೆತ್ತಿಗೆ ಸರಿಸಿದಳು. ಜೊಂಪೆರಾಯ ಉಸಿರು ಬಿಗಿಹಿಡಿದು ಕೆಳಕ್ಕೆ ಜಾರಿದ. ಜಾಮು ಪಿಚಕ್ಕೆಂದಿತು. ವಿಗ್ಗು, ಕಡ್ಡಿ, ಮೊಟ್ಟೆ, ಹಕ್ಕಿ ಎಲ್ಲವೂ ಬಂಡೆಯ ಮೇಲೆ ಕ್ಷೇಮವಾಗಿ ಕೂತವು. ಹಕ್ಕಿ ಒಂದು ಸಲ ಕಣ್ಣು ಬಿಟ್ಟು ಮತ್ತೆ ಮುಚ್ಚಿತು.

ಹೆಂಡತಿ ಟವೆಲ್ ಸುತ್ತಿದಳು. ಸುತ್ತಿ ಗಂಟು ಹಾಕುವಷ್ಟರಲ್ಲಿ ಎಲ್ಲಿತ್ತೋ ಆ ಗಾಳಿ, ಟವೆಲನ್ನು ಕಿತ್ತುಕೊಂಡು ಸಮುದ್ರದ ಕಡೆ ಹೊರಟೇಹೋಯಿತು. ಅದೇ ಗಳಿಗೆಗೆ ಬಂಡೆಯ ಆಚೆಯಿಂದ ಮಾಲೀಕರು, ಗೈಡು, ಸಾಬೂನು, ಡೀಲರುಗಳು ಸಾಲಾಗಿ ಕಾಣಿಸಿಕೊಂಡರು.

ಮುಗಿಯಿತು ನನ್ನ ಕತೆ ಎಂದುಕೊಂಡ ಜೊಂಪೆರಾಯ. ತಲೆ ಮುಚ್ಚಿಕೊಳ್ಳಲು ಕೈಯೂ ಏಳಲಿಲ್ಲ. ಬಿಸಿಲಿನಲ್ಲಿ ಅವನ ಬೋಳುತಲೆ ಕೆಂಪಗೆ ಥಳಥಳ ಹೊಳೆಯಿತು. ಜಾಮು ಹಣೆಯ ಮೇಲೆ ಧಾರೆಯಾಗಿ ಇಳಿಯುತ್ತಿತ್ತು.

"ಅಯ್ಯೋ ರಕ್ತ!" ಎಂದು ಗೈಡ್ ಹುಡುಗಿ ಕಿರುಚಿದಳು.

"ಹಕ್ಕಿ ಕೂದಲನ್ನೆಲ್ಲ ಕಿತ್ತುಬಿಟ್ಟಿದೆ!" ಮಾಲೀಕರು ಬಂಡೆಯ ಕಡೆ ಬೆರಳು ತೋರಿಸಿದರು. "ನೋಡಿ ಅಲ್ಲಿ, ಬೇರೆ ಗೂಡು ಕಟ್ಟಿಕೊಂಡಿದೆ!"

ಕಕ್ಕಾಬಿಕ್ಕಿಯಾಗಿ ನಿಂತ ಜೊಂಪೆರಾಯನ ಪಕ್ಕೆಗೆ ಹೆಂಡತಿ ಬಲವಾಗಿ ತಿವಿದಳು. ಅವನು "ಅಮ್ಮಾ" ಎಂದು ನರಳಿದ. ನೋವು ನಿಜವಾದ್ದರಿಂದ ನರಳಿಕೆ ಚೆನ್ನಾಗಿಯೇ ಬಂತು.

ಸಾಬೂನು ಮಾತ್ರ ಹತ್ತಿರ ಬಂದು, ಬೆರಳಿಂದ ಹಣೆ ಒರೆಸಿ ಮೂಸಿದ. "ಸಾರ್, ಇದು ಸಿಹಿ ವಾಸನೆ ಬರ್ತಿದೆ."

"ಬರದೆ ಇನ್ನೇನು?" ಎಂದು ಹೆಂಡತಿ ಗೊಳೋ ಎಂದಳು. "ನಮ್ಮವರಿಗೆ ಎಷ್ಟು ವರ್ಷದಿಂದ ಸಕ್ಕರೆ ಕಾಯಿಲೆ!"

ಡೀಲರುಗಳು ಲೊಚಗುಟ್ಟಿದರು. ಸಾಬೂನು ಸೋಲಲಿಲ್ಲ. "ಆ ಕೂದಲನ್ನಾದ್ರೂ ಒಂಚೂರು ಎತ್ತಿ ನೋಡೋಣ..."

"ಗೂಡಿನಿಂದ ಒಂದು ಎಳೆ ತೆಗೆದ್ರೂ ಪ್ರವಾಸ ರದ್ದು!" ಎಂದು ಗೈಡ್ ಹುಡುಗಿ ಬಂಡೆಗೆ ಅಡ್ಡ ನಿಂತಳು. ಜೊಂಪೆರಾಯನಿಗೆ ಅವಳ ಕಾಲಿಗೆ ಬೀಳಬೇಕೆನಿಸಿತು.

ಆ ರಾತ್ರಿ ಹಡಗಿನ ಊಟದ ಕೋಣೆಗೆ ಅವನು ಗೆದ್ದ ಕುಸ್ತಿಪಟುವಿನಂತೆ ಬಂದ. ತಲೆ ತೊಳೆದಾಗಿತ್ತು, ಇನ್ನು ಮುಚ್ಚುವ ಗೋಜಿಲ್ಲ. ಜಾಮು ಬೇಕಿಲ್ಲ, ಅಂಟು ಬೇಕಿಲ್ಲ, ಗಾಳಿಗೆ ಹೆದರಬೇಕಿಲ್ಲ. ಎಳೆಯಲು ಕೂದಲಿಲ್ಲದ ಮೇಲೆ ಎಳೆಯುವ ಕಾರ್ಯಕ್ರಮವೂ ಇಲ್ಲ. ಮೂಕ ಹಕ್ಕಿಗಾಗಿ ಕೂದಲನ್ನೇ ತ್ಯಾಗ ಮಾಡಿದವನಿಗೆ ಕುರ್ಚಿ ಕೊಡದೆ ಸಾಬೂನಿಗೆ ಕೊಟ್ಟಾರೆಯೇ? ಹೆಂಡತಿ ಆಗಲೇ ಹೊಸ ಮನೆಗೆ ಪರದೆಯ ಬಣ್ಣ ಯೋಚಿಸುತ್ತಿದ್ದಳು.

ಮಾಲೀಕರು ಎದ್ದು ನಿಂತರು. "ಇವತ್ತು ಇವರ ತಲೆ ನೋಡಿ ನನಗೆ ಮೊದಲು ದುಃಖ ಆಯ್ತು. ಆಮೇಲೆ ಆನಂದ ಆಯ್ತು! ಇಷ್ಟು ವರ್ಷ ಕೂದಲಿದ್ದವರ ಕೂದಲು ತೋರಿಸಿ ಎಣ್ಣೆ ಮಾರಿದ್ವಿ. ಅದೇನು ದೊಡ್ಡ ವಿಷಯ? ಈಗ ದೇವರೇ ಒಂದು ಬೋಳುತಲೆ ಕೊಟ್ಟಿದ್ದಾನೆ!"

ಡೀಲರುಗಳು ಮೇಜು ಗುದ್ದಿದರು. ಜೊಂಪೆರಾಯನ ನಗು ತುಟಿಯ ಮೇಲೇ ಒಣಗಿತು.

"ಊರು ಮುಟ್ಟಿದ ದಿನದಿಂದ ಇವರು ನಮ್ಮ ಮುಖ್ಯ ಅಂಗಡಿಯ ಶೋಕೇಸಿನ ಗಾಜಿನೊಳಗೆ ಕೂರ್ತಾರೆ. ನಾನೇ ದಿನಾ ಎಣ್ಣೆ ಹಚ್ತೀನಿ. ಕೂದಲು ಬೆಳೆಯೋದನ್ನ ಊರೆಲ್ಲ ನೋಡಲಿ! ತಲೆ ತುಂಬಿದ ದಿನವೇ ಇವರು ಮ್ಯಾನೇಜರು. ಅಲ್ಲಿವರೆಗೆ ಸಾಬೂನಿನವರು ಕುರ್ಚಿ ನೋಡ್ಕೋತಾರೆ."

"ಎಷ್ಟು ದಿನ ಬೇಕಾದ್ರೂ ನೋಡ್ಕೋತೀನಿ ಸಾರ್," ಎಂದ ಸಾಬೂನು, ನಗು ತಡೆಯಲು ನೀರು ಕುಡಿಯುತ್ತ.

"ಶುಭಕೆಲಸಕ್ಕೆ ತಡ ಯಾಕೆ? ಯಾರ ಹತ್ರನಾದ್ರೂ ನಮ್ಮ ಎಣ್ಣೆ ಇದ್ಯಾ?"

ಇಡೀ ಹಡಗಿನಲ್ಲಿ ಇದ್ದದ್ದು ಒಂದೇ ಬಾಟಲಿ, ಜೊಂಪೆರಾಯನ ಸೂಟ್‌ಕೇಸಿನಲ್ಲಿ. ತಲೆ ತಗ್ಗಿಸಿಕೊಂಡು ಹೋದ ಹೆಂಡತಿ ಅದನ್ನು ತಂದುಕೊಟ್ಟು, ಕೈಗೆ ತಗುಲಿದ ಜಿಡ್ಡನ್ನು ಗಂಡನ ಅಂಗಿಗೆ ಚೆನ್ನಾಗಿ ಒರೆಸಿಕೊಂಡಳು. ತನ್ನ ಜಡೆಯನ್ನು ಮಾತ್ರ ದೂರ ಸರಿಸಿ ಹಿಡಿದಿದ್ದಳು.

ಮಾಲೀಕರು ಅಂಗೈ ತುಂಬ ಸುರಿದುಕೊಂಡು ತಿಕ್ಕತೊಡಗಿದರು. ಆ ವಾಸನೆ ಮೂಗಿಗೆ ಬಡಿದದ್ದೇ ಜೊಂಪೆರಾಯನಿಗೆ ಕೆಲಸಕ್ಕೆ ಸೇರಿದ ಮೊದಲ ತಿಂಗಳು ನೆನಪಾಯಿತು. ಆಗ ಅವನಿಗೆ ಸ್ವಂತದ ಕೂದಲಿತ್ತು. ಹುಟ್ಟುವಾಗಲೇ ತಂದ, ಬಾಚಣಿಗೆ ಮುರಿಯುವಂಥ ಕೂದಲು. ಮಾರುವ ಮಾಲನ್ನು ತಾನೇ ಬಳಸಿ ನೋಡಬೇಕೆಂಬ ಪ್ರಾಮಾಣಿಕತೆಯಿಂದ ಇದೇ ಹಸಿರು ಬಾಟಲಿಯ ಎಣ್ಣೆಯನ್ನು ಒಂದೇ ಒಂದು ತಿಂಗಳು ಹಚ್ಚಿದ್ದ. ಎರಡನೇ ತಿಂಗಳ ಸಂಬಳದಲ್ಲಿ ವಿಗ್ ಕೊಂಡಿದ್ದ.

"ಹೇಗನ್ನಿಸ್ತಿದೆ? ಬೇರು ಬಿಸಿ ಆಗ್ತಿದ್ಯಾ?" ಎಂದು ಕೇಳಿದ ಮಾಲೀಕರು ಕೈಯೆತ್ತಿ ಎಲ್ಲರಿಗೂ ತೋರಿಸಿದರು. ಹತ್ತು ವರ್ಷದಿಂದ ಕಿವಿಯ ಹಿಂದೆ ಹೇಗೋ ಬಚ್ಚಿಟ್ಟುಕೊಂಡು ಬದುಕಿದ್ದ ಐದಾರು ಕೂದಲುಗಳು ಅವರ ಅಂಗೈಗೆ ಅಂಟಿಕೊಂಡು ಬಂದಿದ್ದವು.

"ನೋಡಿ," ಎಂದರು ಮಾಲೀಕರು ಹೆಮ್ಮೆಯಿಂದ. "ಆಗಲೇ ಕೂದಲು ಕಾಣಿಸ್ತಿದೆ!"