ಡೋರಿಸಮ್ಮನ ಅಡಿಗೆಮನೆಯ ಮೇಲಿನ ಹೆದ್ದಾರಿ

ಬಾಗಿಲಿಗೆ ಬಂದು ನಿಂತವರಿಗೆ "ಇಲ್ಲ" ಎನ್ನುವ ಶಕ್ತಿಯನ್ನು ದೇವರು ನನಗೆ ಕೊಡಲಿಲ್ಲ. ದೂರು ಹೇಳುತ್ತಿಲ್ಲ, ಬೇರೆ ಬಹಳಷ್ಟು ಕೊಟ್ಟಿದ್ದಾನೆ. ನನ್ನ ಹಲ್ಲುಗಳಲ್ಲಿ ಮೂರು ಬಿಟ್ಟು ಎಲ್ಲವೂ ಬಾಯಲ್ಲೇ ಇವೆ. ಲಂಡನ್ನಿನ ಚಳಿಯಲ್ಲೂ ನನ್ನ ಇಡ್ಲಿ ಹಿಟ್ಟು ಹುಳಿ ಬರುತ್ತದೆ. ಮಗಳು ರೀನಾ ಗೊಣಗುತ್ತಲಾದರೂ ಭಾನುವಾರದ ಪೂಜೆಗೆ ಬರುತ್ತಾಳೆ. ಇಂಥ ಉಪಕಾರಗಳನ್ನು ಸಂಜೆಯ ಜಪಸರ ಮುಗಿದ ಮೇಲೆ ಒಂದೊಂದಾಗಿ ಎಣಿಸುವುದು ನನ್ನ ಅಭ್ಯಾಸ. ಆದರೆ "ಇಲ್ಲ" ಎನ್ನುವ ಆ ಒಂದು ಶಕ್ತಿ ಮಾತ್ರ ಹಂಚುವಾಗ ನನ್ನ ತನಕ ಬರಲಿಲ್ಲ. ಒಮ್ಮೆ ಯಾವುದೋ ಸಭೆಯವರಿಬ್ಬರು ಬಂದು, ಪ್ರಪಂಚ ಇನ್ನೇನು ಮುಗಿಯಲಿದೆ ಎಂದು ಹೊಸ್ತಿಲಲ್ಲಿ ನಿಂತು ಎಚ್ಚರಿಸಿದರು. ನಾನು ಒಳಗೆ ಕರೆದು ಕೂರಿಸಿ, "ಹಾಗಾದರೆ ಚಹಾ ಬೇಗ ಕುಡಿಯಿರಿ" ಎಂದೆ. ಅವರು ಎರಡೆರಡು ಕಪ್ ಕುಡಿದರು. ಪ್ರಪಂಚ ಇನ್ನೂ ಇದೆ. ಈ ದೌರ್ಬಲ್ಯದಿಂದಲೇ ನಾನು ಒಂದು ಹೆದ್ದಾರಿಯ ಇತಿಹಾಸದಲ್ಲಿ ಸಿಕ್ಕಿಬಿದ್ದು, ಹತ್ತು ವರ್ಷ ಪಾದ್ರಿಗಳಿಗೆ ಬಿಟ್ಟು ಯಾರಿಗೂ ಹೇಳಲಾಗದೆ ಒದ್ದಾಡಿದೆ. ಈಗ ಹೇಳಬಹುದು, ಏಕೆಂದರೆ ಹೇಳಬೇಕಾದವರಿಗೆ ಹೇಳಿ ಆಗಿದೆ.

ನಾವು ಉಡುಪಿ ಕಡೆಯ ಕೊಂಕಣಿ ಮಾತನಾಡುವ ಕ್ರೈಸ್ತರು. ತೊಂಬತ್ತರ ದಶಕದ ಮೊದಲಲ್ಲಿ ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಥೇಮ್ಸ್ ನದಿಯ ಆಚೆಯ ಒಂದು ಕ್ಯಾಂಟೀನಿನಲ್ಲಿ ಅಡಿಗೆಯ ಕೆಲಸ ಸಿಕ್ಕಿತು. ನದಿಯ ಈಚೆ ಲೇಟನ್‌ಸ್ಟೋನಿನಲ್ಲಿ ನಮಗೆ ಒಂದು ಬಾಡಿಗೆ ಮನೆ ಸಿಕ್ಕಿತು. ನಾನು ತುಂಬು ಬಸುರಿ. ಬಂದ ಮರುದಿನವೇ ಎದುರು ಮನೆಯ ಅಜ್ಜಿ ಬಾಗಿಲು ತಟ್ಟಿ, "ನಿಮ್ಮ ಚಿಮಣಿಯಲ್ಲಿ ಹೊಗೆ ಕಾಣಲಿಲ್ಲ, ಬಾಯ್ಲರ್ ಹಚ್ಚಲು ಬರುವುದಿಲ್ಲ ಅಂತ ಗೊತ್ತಾಯಿತು ಲವ್" ಎಂದು ಒಳಗೇ ಬಂದುಬಿಟ್ಟರು. ಅವರೇ ಡೋರಿಸಮ್ಮ. ಹೆಸರಿಗೆ ಅಮ್ಮ ಸೇರಿಸಿದ್ದು ನಾನು. ಎಪ್ಪತ್ತು ದಾಟಿದವರನ್ನು ಬರೀ ಡೋರಿಸ್ ಎಂದು ಕರೆದರೆ ನಾಲಗೆಗೆ ಮೈಲಿಗೆ. ಬಾಯ್ಲರ್ ಹಚ್ಚುವುದು, ಜಿಪಿ ಎನ್ನುವ ಬಡಾವಣೆಯ ಡಾಕ್ಟರ ಹತ್ತಿರ ಹೆಸರು ಬರೆಸುವುದು, ಕೌನ್ಸಿಲ್ಲಿನ ಕಾಗದದಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎನ್ನುವುದು ಎಲ್ಲವನ್ನೂ ಕಲಿಸಿದ್ದು ಅವರ ಅಡಿಗೆಮನೆಯ ಹಸಿರು ಮೇಜಿನ ಮುಂದೆ. ರೀನಾ ಹುಟ್ಟಿದಾಗ ಮೊದಲ ಸ್ನಾನ ಮಾಡಿಸಿದ್ದೂ ಅವರದೇ ಸಿಂಕಿನಲ್ಲಿ.

ಆ ಅಡಿಗೆಮನೆಯ ಮೇಲೇ ಒಂದು ರಸ್ತೆ ಬರುವುದಿತ್ತು.

ಈ ರಸ್ತೆಯ ವಿಷಯ ನನಗೆ ಆಗಲೂ ಸರಿಯಾಗಿ ಅರ್ಥವಾಗಿರಲಿಲ್ಲ, ಈಗಲೂ ಇಲ್ಲ. ನಾವು ಬರುವುದಕ್ಕೆ ದಶಕಗಳ ಮುಂಚೆಯೇ ಯಾರೋ ನಕಾಶೆಯ ಮೇಲೆ ಗೆರೆ ಎಳೆದಿದ್ದರಂತೆ. ಈಶಾನ್ಯದಲ್ಲಿ ಮೋಟಾರ್‌ವೇ ಮುಗಿಯುವಲ್ಲಿಂದ ಹೊರಟು, ವಾನ್‌ಸ್ಟೆಡ್ಡಿನ ಹುಲ್ಲುಬಯಲು, ನಮ್ಮ ಲೇಟನ್‌ಸ್ಟೋನ್, ಆಮೇಲೆ ಲೇಟನ್, ಹ್ಯಾಕ್ನಿಯ ಅಂಚು, ಕೊನೆಗೆ ನದಿಯಡಿಯ ಸುರಂಗದ ದಾರಿ. ಬರುತ್ತದೆ ಎನ್ನುವರು ಕೆಲವರು, ಬರುವುದಿಲ್ಲ ಎನ್ನುವರು ಇನ್ನು ಕೆಲವರು. ನಮ್ಮ ಬೀದಿಯ ಸಮಸಂಖ್ಯೆಯ ಮನೆಗಳು ಹೋಗುತ್ತವೆ, ಬೆಸಸಂಖ್ಯೆಯವು ಉಳಿಯುತ್ತವೆ ಎಂದು ಲೈಬ್ರರಿಯ ನಕಾಶೆ ಹೇಳುತ್ತಿತ್ತು. ನಾವು ಬೆಸ. ಡೋರಿಸಮ್ಮ ಸಮ. ಆ ನಕಾಶೆಯನ್ನು ನಾನು ಬಹಳ ಹೊತ್ತು ನೋಡಿದೆ. ಕೊನೆಗೆ ಲೈಬ್ರರಿಯ ಹೆಂಗಸು ಬಂದು ಅದನ್ನು ಮೆತ್ತಗೆ ತಿರುಗಿಸಿ ನೇರ ಮಾಡಿ ಹೋದಳು.

ಒಂದು ದಿನ ಡೋರಿಸಮ್ಮ ಕಾಗದ ಹಿಡಿದು ಬಂದರು. ರಸ್ತೆ ಬೇಡ ಎನ್ನುವ ಮನವಿ. ಓದುವ ಮೊದಲೇ ಸಹಿ ಹಾಕಿದೆ. ಅದರಲ್ಲಿ ಯೋಚಿಸುವುದು ಏನಿತ್ತು? ಸಹಿಯ ಮೇಲೆ ಒಂದು ಸಣ್ಣ ಶಿಲುಬೆಯನ್ನೂ ಎಳೆದೆ. ನಮ್ಮ ತಾಯಿ ಕಲಿಸಿದ್ದು ಹಾಗೆ: ಕಾಗದ ಯಾವುದೇ ಇರಲಿ, ಮೇಲೆ ಮೊದಲು ಶಿಲುಬೆ, ಆಮೇಲೆ ಅಕ್ಷರ. ಅವರು ದಿನಸಿ ಪಟ್ಟಿಗೂ ಶಿಲುಬೆ ಹಾಕಿಯೇ ಅಂಗಡಿಗೆ ಕಳಿಸುತ್ತಿದ್ದರು.

ಅದಾಗಿ ಹತ್ತು ದಿನವಿರಬಹುದು, ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಕಾಣಿಕೆ ತಟ್ಟೆ ಹಿಡಿಯುವ ಒಬ್ಬ ದೊಡ್ಡ ಮನುಷ್ಯರು ಮಳೆಯಲ್ಲಿ ನೆನೆದುಕೊಂಡು ಬಂದರು. ಅವರ ಕೈಯಲ್ಲೂ ಕಾಗದ. ಲಾರಿಗಳೆಲ್ಲ ಶಾಲೆಯ ಮುಂದೆ ಹೋಗುತ್ತಿವೆ, ಹೊಸ ರಸ್ತೆ ಬೇಗ ಆಗಲಿ ಎನ್ನುವ ಮನವಿ. ಟೋಪಿಯಿಂದ ಅವರ ಮೂಗಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. "ನಿಮ್ಮ ಗಂಡನೂ ಸಂಜೆ ಬೇಗ ಮನೆ ಸೇರಬಹುದು" ಎಂದರು. ಅಲ್ಲಿಗೆ ನಾನು ಸೋತೆ. ನಮ್ಮವರು ಟ್ರಾಫಿಕ್ಕಿನಲ್ಲಿ ಸಿಕ್ಕಿ ಮನೆಗೆ ಬರುವ ಹೊತ್ತಿಗೆ ಜಪಸರ ಮುಗಿದಿರುತ್ತಿತ್ತು. ಮದುವೆಯಾದಂದಿನಿಂದ ಇಬ್ಬರೂ ಜೊತೆಗೆ ಮೊಣಕಾಲೂರುವುದು ತಪ್ಪಿರಲಿಲ್ಲ, ಲಂಡನ್ನಿನಲ್ಲಿ ತಪ್ಪಿತ್ತು. ಶಿಲುಬೆ ಹಾಕಿ ಸಹಿ ಮಾಡಿದೆ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ಎಡವಟ್ಟು. ಡೋರಿಸಮ್ಮನ ಮನೆ ಉಳಿಯಲಿ ಎಂದು ಸಂತ ಅಂತೋನಿಯವರಿಗೆ ಒಂಬತ್ತು ದಿನದ ನೊವೆನಾ ಮಾಡಿದೆ. ಅದು ಮುಗಿದ ಮರುದಿನ, ನಮ್ಮವರು ಬೇಗ ಬರುವಂತಾಗಲಿ ಎಂದು ಇನ್ನೊಂದು ಶುರು ಮಾಡಿದೆ. ನಮ್ಮವರು ಕೇಳಿದರು, "ಎಂತದು ಮಾರಾಯ್ತಿ, ಆ ಸಂತರು ರಸ್ತೆ ಮಾಡಬೇಕಾ, ಬೇಡವಾ?"

"ಅದು ಅವರಿಗೆ ಬಿಟ್ಟದ್ದು" ಎಂದೆ.

"ಅವರಿಗೆ ಬಿಟ್ಟರೆ ಬೇಕು ಅಂತಲೂ ಬೇಡ ಅಂತಲೂ ಯಾಕೆ ಅರ್ಜಿ ಕೊಟ್ಟೆ? ಅವರಿಗೂ ತಲೆ ಕೆಡುವುದಿಲ್ವಾ?"

ಆ ವರ್ಷಗಳಲ್ಲಿ ತಲೆ ಕೆಡದವರು ಯಾರಿದ್ದರು! ರಸ್ತೆಗಾಗಿ ಏನನ್ನೂ ಕೆಡವಲು ಬಿಡೆವು ಎಂದು ಎಲ್ಲಿಂದಲೋ ಬಂದ ಹುಡುಗ ಹುಡುಗಿಯರು ಮರಗಳ ಮೇಲೆ, ಮನೆಗಳ ಮಾಡಿನ ಮೇಲೆ ವಾಸ ಮಾಡತೊಡಗಿದರು. ವಾನ್‌ಸ್ಟೆಡ್ಡಿನ ಒಂದು ಮರಕ್ಕೆ ಅಂಚೆಯವನು ಕಾಗದ ತಂದುಕೊಟ್ಟನಂತೆ. ನಮ್ಮ ಮನೆಗೆ ಊರಿನ ಕಾಗದ ವಾರಕ್ಕೊಮ್ಮೆ ದಾರಿ ತಪ್ಪುತ್ತಿತ್ತು, ಮರಕ್ಕೆ ಸರಿಯಾಗಿ ಹೋಯಿತು. ಈಸ್ಟರಿಗೆ ಒಂದು ವಾರ ಮುಂಚೆ, ಗರಿ ಹಿಡಿದು ಮೆರವಣಿಗೆ ಹೋಗುವ ಗರಿಗಳ ಭಾನುವಾರದಂದು, ನಾನು ಕೈಯಲ್ಲಿ ಗರಿ ಹಿಡಿದು, ರೀನಾಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಇಗರ್ಜಿಗೆ ಹೊರಟಿದ್ದೆ. ಹೈ ರೋಡಿನಲ್ಲಿ ಮೆರವಣಿಗೆ ಆಗಲೇ ಹೊರಟಿತ್ತು. ಹಸಿರು ಕೊಂಬೆಗಳು, ಹಾಡು, ಬಟ್ಟೆಯ ಪತಾಕೆಗಳು. ತಡವಾಯಿತಲ್ಲ ಎಂದು ಗಾಬರಿಯಿಂದ ನಡುವೆ ಸೇರಿಕೊಂಡು ಗರಿ ಬೀಸುತ್ತ ನಡೆದೆ. ಡೋಲು ಬಡಿಯುತ್ತಿದ್ದರು, ಈ ದೇಶದ ಪದ್ಧತಿ ಇರಬೇಕು ಎಂದುಕೊಂಡೆ. ಪಾದ್ರಿಗಳು ಎಲ್ಲಿ ಎಂದು ಹುಡುಕುವಾಗ, ಯಾರೋ ನನ್ನ ತೋಳು ಹಿಡಿದುಕೊಂಡರು. ಡೋರಿಸಮ್ಮ. ಕಣ್ಣಲ್ಲಿ ನೀರು.

"ನೀನು ಬರುತ್ತೀ ಅಂತ ಗೊತ್ತಿತ್ತು ಲವ್" ಎಂದರು.

ಅಲ್ಲಿಂದ ಹೇಗೆ ತಪ್ಪಿಸಿಕೊಳ್ಳಲಿ? ಆ ವರ್ಷದ ಗರಿ ಪೂಜೆ ನನಗೆ ತಪ್ಪಿತು. ರಸ್ತೆ ಬೇಡ ಎಂದು ಲೇಟನ್ ತನಕ ನಡೆದೆ, ರಸ್ತೆ ಬೇಕು ಎಂದು ಸಹಿ ಹಾಕಿದ ಅದೇ ಕೈಯಲ್ಲಿ ಗರಿ ಹಿಡಿದುಕೊಂಡು.

ಸಮಸಂಖ್ಯೆಯ ಮನೆಗಳು ಹೋದವು. ಡೋರಿಸಮ್ಮ ಸಮುದ್ರದ ಹತ್ತಿರ ತಂಗಿಯ ಊರಿಗೆ ಹೋಗುವ ಮುನ್ನ ಹಿತ್ತಲಿನ ರೂಬಾರ್ಬ್ ಗಿಡದ ಗಡ್ಡೆಯನ್ನು ಅಗೆದು, ಅರ್ಧ ಮಣ್ಣಿನಲ್ಲೇ ಬಿಟ್ಟು ಅರ್ಧ ನನಗೆ ಕೊಟ್ಟರು. ಅದರ ಕೆಂಪು ದಂಟು ಎಷ್ಟು ಹುಳಿ ಎಂದರೆ, ನಾನು ಇವತ್ತಿಗೂ ಬಿಂಬುಳಿಯ ಬದಲಿಗೆ ಅದನ್ನೇ ಮೀನು ಸಾರಿಗೆ ಹಾಕುತ್ತೇನೆ. ಧೂಳು ತಡೆಯಲಾರದೆ ನಾವೂ ಮನೆ ಬದಲಿಸಿ ಹೈ ರೋಡಿನ ಆಚೆ ಬದಿಗೆ ಹೋದೆವು. ಗಡ್ಡೆಯನ್ನು ಬಕೆಟಿನಲ್ಲಿಟ್ಟು ನಾನೇ ಹೊತ್ತೆ.

ಹೊಸ ಶತಮಾನ ಹುಟ್ಟುವ ಸ್ವಲ್ಪ ಮುಂಚೆ ರಸ್ತೆ ತೆರೆಯಿತು. ನಮ್ಮವರು ಜಪಸರಕ್ಕೆ ಸರಿಯಾಗಿ ಮನೆಗೆ ಬರತೊಡಗಿದರು. ಉಪಕಾರಗಳ ಪಟ್ಟಿಗೆ ಸೇರಿಸಿಕೊಂಡೆ. ಎಷ್ಟು ದಿನ? ಎಲ್ಲರಿಗೂ ಆ ರಸ್ತೆಯ ಬಗ್ಗೆ ಗೊತ್ತಾಗುವ ತನಕ. ಎರಡು ವರ್ಷದಲ್ಲಿ ಅದೂ ತುಂಬಿ, ಅವರು ಮತ್ತೆ ಹಳೆಯ ಹೊತ್ತಿಗೇ ಬರುವಂತಾಯಿತು. ಪಟ್ಟಿಯಿಂದ ತೆಗೆಯಲು ನಾಚಿಕೆಯಾಗಿ ಹಾಗೇ ಬಿಟ್ಟಿದ್ದೇನೆ.

ಆ ರಸ್ತೆ ಇರುವುದು ನೆಲದಿಂದ ಕೆಳಗೆ, ಕಂದಕದ ಹಾಗೆ. ಮೇಲಿನಿಂದ ನನಗೆ ಊರೆಲ್ಲ ಗೊತ್ತು, ಕೆಳಗಿನಿಂದ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಆದರೂ ಕಾರಿನಲ್ಲಿ ಹೋಗುವಾಗ ಗೋಡೆಯ ಮೇಲಿಂದ ಇಣುಕುವ ಕೆಂಪು ಇಟ್ಟಿಗೆಯ ಒಂದು ಚಿಮಣಿಯ ಗುರುತು ಹಿಡಿದು ಲೆಕ್ಕ ಹಾಕಿದೆ: ಎರಡನೆಯ ಮೇಲ್ಸೇತುವೆ ದಾಟಿ ಮೂರನೆಯ ದೀಪದ ಕಂಬ, ಅದೇ ಡೋರಿಸಮ್ಮನ ಅಡಿಗೆಮನೆ. ಅಲ್ಲಿ ಶಿಲುಬೆಯ ಗುರುತು ಮಾಡಿ ಒಂದು ನಮೋ ಮರಿಯ ಹೇಳುವುದು ರೂಢಿಯಾಯಿತು. ವೇಗಕ್ಕೆ ಕ್ಯಾಮೆರಾ ಇಟ್ಟ ಮೇಲೆ ನಮ್ಮವರು ನಿಧಾನ ಮಾಡಿದ್ದರಿಂದ ಮೂರು ಹೇಳಲು ಆಗುತ್ತಿತ್ತು. ಅದನ್ನೂ ಪಟ್ಟಿಗೆ ಸೇರಿಸಿದೆ. ಆದರೂ ಮನಸ್ಸು ಹಗುರಾಗಲಿಲ್ಲ. ಪಾಪನಿವೇದನೆಯಲ್ಲಿ ಹೇಳಿಕೊಂಡರೆ ಪಾದ್ರಿಗಳು, "ಪ್ರಾರ್ಥನೆ ಸಾಕು, ಆ ಹೆಂಗಸಿಗೆ ಹೇಳು" ಎಂದರು. ಫೋನಿನಲ್ಲಿ ಹೇಳಲು ನಾಲ್ಕು ಸಲ ಹೊರಟು, ನಾಲ್ಕು ಸಲವೂ ಹವಾಮಾನ ಕೇಳಿ ಇಟ್ಟೆ.

ಕಳೆದ ವರ್ಷ ನಮ್ಮ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಡೋರಿಸಮ್ಮನನ್ನು ಊಟಕ್ಕೆ ಕರೆದೆವು. ಅಂದು ಹೊಸ ತೆನೆಯ ಕಾಳನ್ನು ಹಾಲಿನಲ್ಲಿ ಹಾಕಿ ಮನೆಯವರೆಲ್ಲ ಒಟ್ಟಿಗೆ ಕುಡಿಯಬೇಕು. ಮನಸ್ಸಿನಲ್ಲಿ ಮುಳ್ಳಿಟ್ಟುಕೊಂಡು ಅದನ್ನು ಕುಡಿಯಬಾರದು, ಇದೂ ತಾಯಿಯ ಮಾತು. ಕರೆತರಲು ನಾವೇ ಕಾರಿನಲ್ಲಿ ಹೋದೆವು. ಬರುವಾಗ ಅದೇ ರಸ್ತೆ. ಮುಂದೆ ನಮ್ಮವರು ಮತ್ತು ರೀನಾ, ಹಿಂದೆ ನಾವಿಬ್ಬರು. ವಾನ್‌ಸ್ಟೆಡ್ಡಿನ ಸುರಂಗ ದಾಟಿತು. ಮೊದಲ ಮೇಲ್ಸೇತುವೆ, ಎರಡನೆಯದು. ಕೈ ತಾನಾಗಿ ಹಣೆಗೆ ಹೋಯಿತು.

"ಏನು ಮಾಡುತ್ತಿದ್ದೀ?" ಡೋರಿಸಮ್ಮ ಕೇಳಿದರು.

ಹೇಳಿಬಿಟ್ಟೆ. ದೀಪದ ಕಂಬ, ಅಡಿಗೆಮನೆ, ಮೂರು ನಮೋ ಮರಿಯ, ಮಳೆಯಲ್ಲಿ ನೆನೆದ ದೊಡ್ಡ ಮನುಷ್ಯರು, ಎರಡನೆಯ ಸಹಿ, ಎಲ್ಲವೂ ಒಂದರ ಮೇಲೊಂದು ಬಿದ್ದು ಬಂದವು.

"ಮಮ್! ಯು ಸೈನ್ಡ್ ಬೋತ್?" ಎಂದು ರೀನಾ ತಿರುಗಿದಳು. ನಮ್ಮವರು ರಸ್ತೆಯನ್ನೇ ನೋಡುತ್ತ, "ಅಯ್ಯೋ ದೇವರೇ" ಎಂದರು.

ಡೋರಿಸಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದರು. ತೊಡೆಯ ಮೇಲೆ ಅವರ ಕೈಚೀಲ. ಅದರ ಗುಂಡಿ ತೆಗೆಯುವುದು, ಹಾಕುವುದು. ಹತ್ತು ವರ್ಷ ಕಟ್ಟಿಟ್ಟಿದ್ದನ್ನು ಹಬ್ಬದ ದಿನವೇ ಬಿಚ್ಚಬೇಕಿತ್ತೇ, ಊಟವಾದ ಮೇಲಾದರೂ ಹೇಳಬಹುದಿತ್ತು ಎಂದು ನನ್ನನ್ನೇ ಬೈದುಕೊಂಡೆ. ತೆನೆಯ ಹಾಲು ನಮ್ಮ ಜೊತೆ ಕುಡಿಯುವುದಿಲ್ಲ, ನಿಲ್ಲಿಸಿ, ಇಳಿಯುತ್ತೇನೆ ಎಂದರೆ ಏನು ಗತಿ? ಆ ರಸ್ತೆಯಲ್ಲಿ ನಿಲ್ಲಿಸಲೂ ಬರುವುದಿಲ್ಲ.

"ನನಗೆ ಗೊತ್ತಿತ್ತು" ಎಂದರು ಕೊನೆಗೆ.

"ಏನು?"

"ಎರಡೂ ಪಟ್ಟಿಗಳನ್ನು ಲೈಬ್ರರಿಯಲ್ಲಿ ನೋಡಲು ಇಟ್ಟಿದ್ದರು. ಯಾರು ಯಾರು ಬೆನ್ನಿಗೆ ಚೂರಿ ಹಾಕಿದ್ದಾರೆ ಅಂತ ನೋಡಲು ಹೋದೆ. ಸಹಿಯ ಮೇಲೆ ಶಿಲುಬೆ ಹಾಕುವವಳು ಇಡೀ ಲೇಟನ್‌ಸ್ಟೋನಿನಲ್ಲಿ ನೀನೊಬ್ಬಳೇ. ಒಂದು ವಾರ ನಿನ್ನ ಮುಖ ನೋಡಬಾರದು ಅನಿಸಿತ್ತು. ಮೊಣಕಾಲು ನೋವು, ಚಹಾಕ್ಕೆ ಬರುವುದಿಲ್ಲ ಅಂತ ಹೇಳಿ ಕಳಿಸಿದ್ದೆ, ನೆನಪಿದೆಯಾ?"

ನೆನಪಿತ್ತು. ಊರಿನಿಂದ ತರಿಸಿದ್ದ ನೋವಿನ ತೈಲವನ್ನು ಬಿಸಿ ಮಾಡಿ ಅವರ ಮನೆಗೆ ಒಯ್ದಿದ್ದೆ. ಒಂದೇ ವಾರದಲ್ಲಿ ಗುಣವಾಯಿತು ಎಂದು ಅದನ್ನೂ ಉಪಕಾರಗಳ ಪಟ್ಟಿಯಲ್ಲಿ ಹತ್ತು ವರ್ಷದಿಂದ ಎಣಿಸುತ್ತಿದ್ದೆ.

"ನೋವೇ ಇಲ್ಲದ ಕಾಲಿಗೆ ನೀನು ನೆಲದ ಮೇಲೆ ಕೂತು ತಿಕ್ಕಿದೆ. ಏನು ವಾಸನೆ ಅದು! ಪರದೆಗಳನ್ನೆಲ್ಲ ಒಗೆಯಬೇಕಾಯಿತು. ಹಾಗೆ ತಿಕ್ಕುವವಳ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳುವುದು?" ಎಂದು ನನ್ನ ಕೈ ತಟ್ಟಿದರು. ಆಮೇಲೆ, "ಅದಿರಲಿ, ನೀನು ಪ್ರಾರ್ಥನೆ ಮಾಡುವುದು ಯಾವ ಕಂಬಕ್ಕೆ?"

ತೋರಿಸಬೇಕೆಂದರೆ ಅದು ಹಿಂದೆ ಹೋಗಿಯಾಗಿತ್ತು. ವಿವರಿಸಿದೆ. ಡೋರಿಸಮ್ಮ ನಗತೊಡಗಿದರು, ಕೈಚೀಲ ಜಾರಿ ಬೀಳುವಷ್ಟು. "ಆ ಚಿಮಣಿಯ ಪಕ್ಕ ಇದ್ದದ್ದು ಕುದುರೆ ಜೂಜಿನ ಅಂಗಡಿ! ನನ್ನ ಗಂಡ ಶನಿವಾರವೆಲ್ಲ ಬಿದ್ದಿರುತ್ತಿದ್ದ ಜಾಗ!"

"ಹಾಗಾದರೆ ನಿಮ್ಮ ಅಡಿಗೆಮನೆ?"

"ಫೆಲಿಕ್ಸ್, ಮುಂದೆ ಎಡಕ್ಕೆ ತಿರುಗಿಸಿ ಮೇಲೆ ಹೋಗು" ಎಂದರು ನಮ್ಮವರಿಗೆ.

ಹಳೆಯ ಬೀದಿಯ ತುದಿಯಲ್ಲಿ, ಸದ್ದು ತಡೆಯಲು ಹಾಕಿದ ಎತ್ತರದ ಮರದ ಬೇಲಿಯ ಪಕ್ಕ ಇಳಿದೆವು. ಹಲಗೆಯೊಂದು ಸಡಿಲವಾಗಿತ್ತು. ಡೋರಿಸಮ್ಮ ಅದನ್ನು ಸರಿಸಿ ನನ್ನನ್ನು ಬಗ್ಗಿಸಿದರು. ಕಂದಕದ ಅಂಚಿಗೂ ಬೇಲಿಗೂ ನಡುವೆ ಒಂದು ಹುಲ್ಲಿನ ಪಟ್ಟಿ. ಅದರಲ್ಲಿ ಛತ್ರಿಯಂಥ ಎಲೆ ಬಿಟ್ಟುಕೊಂಡು ಅವರ ರೂಬಾರ್ಬಿನ ಇನ್ನರ್ಧ ನಿಂತಿತ್ತು. ಕಾರುಗಳು ಅಲ್ಲಿಂದ ಎಷ್ಟೋ ಆಚೆ, ಕೆಳಗೆ ಹೋಗುತ್ತಿದ್ದವು.

"ರಸ್ತೆಗೆ ಬೇಕು ಅಂತ ತೆಗೆದುಕೊಂಡರು" ಎಂದರು ಡೋರಿಸಮ್ಮ. "ರಸ್ತೆ ತೆರೆದಾಗ ಬಂದು ನೋಡಿದ್ದೆ. ರಸ್ತೆ ನನ್ನ ಮನೆಗೆ ಬರಲೇ ಇಲ್ಲ. ಒಂದು ಕಪ್ ಚಹಾಕ್ಕೂ ಬರಲಿಲ್ಲ."

ಬೇಲಿಯ ಮುಂದೆ ನಿಂತು ಒಂದು ನಮೋ ಮರಿಯ ಹೇಳಿದೆ, ಈ ಸಲ ಸರಿಯಾದ ಜಾಗದಲ್ಲಿ. ಮನೆಗೆ ಹೋಗಿ ತೆನೆಯ ಹಾಲು ಎಲ್ಲರೂ ಕುಡಿದೆವು. ಡೋರಿಸಮ್ಮ ಎರಡನೆಯ ಸಲ ಹಾಕಿಸಿಕೊಂಡು, ಇದಕ್ಕೆ ಸ್ವಲ್ಪ ಸಕ್ಕರೆ ಬೇಕಿತ್ತು ಎಂದರು.

ಜೂಜಿನ ಅಂಗಡಿಯ ಕಂಬಕ್ಕೆ ಪ್ರಾರ್ಥನೆ ನಿಲ್ಲಿಸಿದ್ದೇನೆಂದು ನೀವು ತಿಳಿದಿರಬಹುದು. ಇಲ್ಲ. ಡೋರಿಸಮ್ಮನ ಗಂಡನ ಆತ್ಮಕ್ಕೆ ಅಲ್ಲಿಂದಲೇ ಹತ್ತಿರವಾಗಬಹುದು, ಯಾರಿಗೆ ಗೊತ್ತು.

ಮೊನ್ನೆ ಮತ್ತೆ ಬಾಗಿಲು ಬಡಿದರು. ಆ ಸದ್ದಿನ ಬೇಲಿ ಇನ್ನೂ ಎತ್ತರವಾಗಬೇಕೆಂದು ಒಂದು ಮನವಿ. ಸಹಿ ಹಾಕಿದೆ. ಸಂಜೆ ಇನ್ನೊಬ್ಬರು ಬಂದರು. ಬೇಲಿಯಿಂದ ಅವರ ಹಿತ್ತಲಿಗೆ ಬಿಸಿಲೇ ಬೀಳುವುದಿಲ್ಲವಂತೆ, ತಗ್ಗಿಸಬೇಕಂತೆ. ವಯಸ್ಸಾದವರು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಒಳಗಿನಿಂದ ನಮ್ಮವರು, "ಮಾರಾಯ್ತಿ, ಬೇಡ" ಎಂದು ಕೂಗಿದ್ದು ಕೇಳಿಸಿತು. ಸಹಿ ಹಾಕಿದೆ. ಆದರೆ ನನಗೂ ಬುದ್ಧಿ ಬಂದಿದೆ: ಈ ಸಲ ಎರಡರ ಮೇಲೂ ಶಿಲುಬೆ ಹಾಕಲಿಲ್ಲ. ದೇವರಿಗೆ ಹೇಗೂ ಗೊತ್ತಾಗುತ್ತದೆ; ಲೈಬ್ರರಿಗೆ ಹೋಗುವವರಿಗೆ ಗೊತ್ತಾಗದಿದ್ದರೆ ಸಾಕು.