ಹಲ್ಲಿನ ಡಾಕ್ಟರ ಹೆಸರಿನಲ್ಲಿ ನನ್ನ ಟ್ಯೂನು

"ನೀನು ಪಾಠ ಹೇಳು, ಮಿಕ್ಕಿದ್ದನ್ನೆಲ್ಲ ನನಗೆ ಬಿಡು!" ಎಂದು ನಾನು ಎದೆ ತಟ್ಟಿಕೊಂಡು ಹೇಳಿದ್ದು ನಿಜ. ಸಾಕ್ಷಿಗೆ ನನ್ನ ಹೆಂಡತಿಯೇ ಇದ್ದಾಳೆ, ದಿನಕ್ಕೆರಡು ಸಲ ನೆನಪಿಸುತ್ತಾಳೆ.

ಅವಳು ಸಂಗೀತದ ಮೇಡಂ. ಹಾಡಿಗೆ ಟ್ಯೂನ್ ಕಟ್ಟುವ ವಿದ್ಯೆಯನ್ನು ಆನ್‌ಲೈನಿನಲ್ಲಿ ಹತ್ತು ಜನರ ಗುಂಪಿಗೆ ಕಲಿಸಲು ಹೊರಟಿದ್ದಳು. ಲಿಂಕ್ ಕಳಿಸುವುದು, ಹಾಜರಿ ಹಾಕುವುದು, ಗಲಾಟೆ ಮಾಡಿದವರನ್ನು ಮ್ಯೂಟ್ ಮಾಡುವುದು, ಅವರು ನುಡಿಸಿ ಕಳಿಸಿದ ಟ್ಯೂನುಗಳಿಗೆ ಹೆಸರು ಹಚ್ಚಿ ಜೋಡಿಸುವುದು, ಈ ಸಮಸ್ತ ಸಾಮ್ರಾಜ್ಯಕ್ಕೆ ನಾನೇ ಚಕ್ರವರ್ತಿ! ಅವಳು ಹಾಲ್‌ನಲ್ಲಿ ಕೀಬೋರ್ಡಿನ ಮುಂದೆ, ನಾನು ಅಡುಗೆಮನೆಯ ಮೇಜಿನಲ್ಲಿ ಲ್ಯಾಪ್‌ಟಾಪಿನ ಮುಂದೆ, ನಡುವೆ ಒಂದು ಬಾಗಿಲು.

ಇಲ್ಲೊಂದು ಗುಟ್ಟು ಹೇಳಬೇಕು. ನಾನೂ ಟ್ಯೂನ್ ಕಟ್ಟುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ, ಹೆಚ್ಚಾಗಿ ಬಚ್ಚಲುಮನೆಯಲ್ಲಿ. ಇಷ್ಟು ವರ್ಷಗಳಲ್ಲಿ ನನ್ನ ಟ್ಯೂನುಗಳ ಬಗ್ಗೆ ಅವಳು ಹೇಳಿದ್ದು "ಹೂಂ", "ಮುಗೀತಾ?" ಮತ್ತು "ನೀರು ಖಾಲಿಯಾಗುತ್ತೆ, ಬೇಗ ಬನ್ನಿ". ಅವಳ ಬಾಯಿಂದ ಒಂದೇ ಒಂದು 'ಭೇಷ್' ಕೇಳಬೇಕೆಂದು ಜೀವ ಒದ್ದಾಡುತ್ತಿತ್ತು.

ಆ ಭೇಷ್ ಮೊದಲನೇ ಪಾಠದಲ್ಲೇ ಬಿತ್ತು. ನನಗಲ್ಲ, ಆ ಹತ್ತು ಜನರಲ್ಲೊಬ್ಬರಾದ ಹಲ್ಲಿನ ಡಾಕ್ಟರಿಗೆ! ಆ ಮನುಷ್ಯ ಕ್ಲಿನಿಕ್ಕಿನಲ್ಲೇ ಕುಳಿತು, ಬಿಳಿ ಕೋಟು ಕೂಡ ಬಿಚ್ಚದೆ ಎರಡು ಸಾಲು ನುಡಿಸಿದರು. "ಭೇಷ್ ಡಾಕ್ಟ್ರೇ!" ಅಂದಳು ಇವಳು. ಮೂರನೇ ವಾರ ನಾನು ಎಣಿಸಿದೆ. ಏಳು ಭೇಷ್!

"ಏನೇ ಅದು, ಬಾಯಿ ಬಿಟ್ರೆ ಡಾಕ್ಟ್ರು ಡಾಕ್ಟ್ರು ಅಂತ!"

"ಚೆನ್ನಾಗಿ ಮಾಡ್ತಾರೆ ರೀ, ಅದಕ್ಕೇ."

"ಅವರು ಹಲ್ಲು ಕೀಳೋರು ಕಣೇ!"

"ಕಿತ್ರೂ ನೋವೇ ಆಗಲ್ವಂತೆ. ನೀವು ಹಾಡಿದ್ರೇ ನೋವಾಗುತ್ತೆ."

ಹೊಟ್ಟೆಗೆ ಬೆಂಕಿ ಬಿತ್ತು. "ನಾನೂ ನಿನ್ನ ಕ್ಲಾಸಿಗೆ ಸೇರ್ತೀನಿ!" ಅಂದೆ. "ಸೇರಿ, ಆದ್ರೆ ಹೋಂವರ್ಕ್ ತಪ್ಪಿಸೋ ಹಾಗಿಲ್ಲ," ಅಂದಳು.

ಆ ವಾರದ ಹೋಂವರ್ಕು, ಬೆಳಗಿನ ಬಸ್ಸಿನ ಮೇಲೆ ಅವಳೇ ಬರೆದ ನಾಲ್ಕು ಸಾಲಿಗೆ ಟ್ಯೂನ್ ಕಟ್ಟಿ, ಹಾಡದೆ, ಬರೀ ಕೀಬೋರ್ಡಿನಲ್ಲಿ ನುಡಿಸಿ ಕಳಿಸುವುದು. ನಾನು ಮೂರು ದಿನ ಊಟ ನಿದ್ದೆ ಬಿಟ್ಟು ಕಟ್ಟಿದೆ. ಕಟ್ಟಿದ ಮೇಲೆ ಒಂದು ಅನುಮಾನ ಬಂತು. ಇವಳು ಟ್ಯೂನ್ ಕೇಳಿ ಎಲ್ಲಿ ಹೊಗಳುತ್ತಾಳೆ? ಹೆಸರು ನೋಡಿ ಹೊಗಳುತ್ತಾಳೆ! ರುಜುವಾತು ಮಾಡಿಯೇ ಬಿಡೋಣ ಎಂದುಕೊಂಡು ನನ್ನ ಟ್ಯೂನಿಗೆ ಡಾಕ್ಟರ ಹೆಸರು ಹಚ್ಚಿದೆ, ಡಾಕ್ಟರದ್ದಕ್ಕೆ ನನ್ನ ಹೆಸರು. ಅವಳು ಭೇಷ್ ಅನ್ನಬೇಕು, ತಕ್ಷಣ ನಾನು "ಅದು ನಂದು!" ಎಂದು ಗರ್ಜಿಸಬೇಕು. ಮುಂಜಾಗ್ರತೆಗೆ ಡಾಕ್ಟರನ್ನು ಮ್ಯೂಟ್ ಮಾಡಿದೆ.

ಮೊದಲು ಡಾಕ್ಟರ ಹೆಸರಿನಲ್ಲಿ ನನ್ನ ಟ್ಯೂನು ಮೊಳಗಿತು. ಮುಗಿದ ಮೇಲೆ ಇವಳು ಕನ್ನಡಕ ತೆಗೆದು ಒರೆಸಿಕೊಂಡಳು.

"ಡಾಕ್ಟ್ರೇ, ಮೈಗೆ ಹುಷಾರಿಲ್ವಾ? ಈ ಬಸ್ಸು ಹೊರಡೋದೇ ಇಲ್ವಲ್ಲಾ! ನಿಂತಲ್ಲೇ ನಿಂತು ಬರೀ ಹಾರ್ನ್ ಹೊಡೀತಿದೆ."

ಎಲ್ಲರೂ ನಕ್ಕರು. ಡಾಕ್ಟರು ಎರಡೂ ಕೈಯಾಡಿಸುತ್ತ ಏನೋ ಹೇಳುತ್ತಿದ್ದರು, ಪಾಪ, ದನಿಯಿಲ್ಲ. ನನ್ನ ಮುಖ ಹುಳ್ಳಗಾಯಿತು. ಅಷ್ಟರಲ್ಲಿ ನನ್ನ ಹೆಸರಿನ ಟ್ಯೂನು ಬಂತು. ಮುಗಿದಾಗ ಅವಳ ಕಣ್ಣು ಒದ್ದೆ!

"ರೀ... ಭೇಷ್ ರೀ! ಇಷ್ಟು ವರ್ಷ ಇದನ್ನೆಲ್ಲಿ ಬಚ್ಚಿಟ್ಟಿದ್ರಿ?"

ಬಂತು ಭೇಷ್! ಪಕ್ಕದ ಮನೆಗೆ ಬಂದ ಪಾರ್ಸೆಲನ್ನು ಸಹಿ ಹಾಕಿ ಇಸಕೊಂಡವನಂತೆ ನಾನು ಬೆಪ್ಪಾಗಿ ಕುಳಿತೆ. ಆಗಲೇ ಸತ್ಯ ಹೇಳಬೇಕಿತ್ತು. ಇಪ್ಪತ್ತೆರಡು ವರ್ಷ ಕಾದ ಮಾತು, ವಾಪಸು ಕೊಡಲು ಮನಸ್ಸು ಬರಲಿಲ್ಲ.

"ಈಗ ನೀವೇ ಹಾಡಿ ತೋರಿಸಿ. ಎಲ್ಲರೂ ಕಲೀಲಿ."

ಹಾಡುವುದಾ! ಹೊಟ್ಟೆಕಿಚ್ಚಿಗೆ ಅದನ್ನು ನಾನು ಮೊದಲೊಮ್ಮೆ ಕೇಳಿಯೂ ನೋಡಿರಲಿಲ್ಲ. ಈಗಲೂ ಅವಳ ಮುಖ ನೋಡುತ್ತ ಕುಳಿತಿದ್ದೆನೇ ಹೊರತು ಸ್ವರ ಯಾವನು ಕೇಳಿದ! ಕೆಮ್ಮಿದೆ. ನೀರು ಕುಡಿದೆ. ಮತ್ತೆ ಕೆಮ್ಮಿದೆ.

"ಡಾಕ್ಟ್ರು ಕೈ ಎತ್ತಿದ್ದಾರೆ, ಅವರ ಮೈಕ್ ಬಿಡ್ರೀ!" ಎಂದಳು. ಬಿಟ್ಟೆ. ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಸಾರ್‌ಗೆ ಗಂಟಲು ಕಟ್ಟಿದ ಹಾಗಿದೆ ಮೇಡಂ," ಎಂದರು ಆ ಸಜ್ಜನ, "ಅವರ ಬದಲು ನಾನು ಹಾಡ್ಲಾ?" ಎಂದು ನಾಲ್ಕೂ ಸಾಲನ್ನು ಒಂದು ಸ್ವರ ಆಚೀಚೆಯಾಗದಂತೆ ಹಾಡಿ ಮುಗಿಸಿದರು.

ಇವಳು ಚಪ್ಪಾಳೆ ತಟ್ಟಿದಳು. "ಒಂದೇ ಸಲ ಕೇಳಿ ಹಿಡಿದುಬಿಟ್ರಲ್ಲಾ! ಭೇಷ್ ಡಾಕ್ಟ್ರೇ, ಭೇಷ್!"

ಎರಡು! ನನಗೆ ಒಂದು, ಅವರಿಗೆ ಎರಡು! ತಡೆಯಲಾಗಲಿಲ್ಲ.

"ಏನು ಮಹಾ ಹಿಡಿಯೋದು! ಅದು ಅವರದ್ದೇ ಟ್ಯೂನು ಕಣೇ! ಹೆಸರು ಬದಲಾಯಿಸಿದ್ದು ನಾನು!"

ಕೂಗಿದ ಮೇಲೆ ಗೊತ್ತಾಯಿತು, ಕೂಗಿದ್ದೇನೆಂದು. ಪರದೆಯ ಮೇಲೆ ಹತ್ತೂ ಮುಖಗಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದವು. ನಡುವಿನ ಬಾಗಿಲು ತೆರೆಯಿತು. ಇವಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಡಾಕ್ಟ್ರ ಹತ್ರ ಕ್ಷಮೆ ಕೇಳಿ, ಈಗಲೇ!"

"ತಪ್ಪಾಯ್ತು ಡಾಕ್ಟ್ರೇ," ಅಂದೆ, ತಲೆ ತಗ್ಗಿಸಿ.

"ಛೆ ಛೆ, ನನ್ನ ಟ್ಯೂನು ನಿಮ್ಮ ಹೆಸರಲ್ಲಿ ಹೋಗಿದ್ದಕ್ಕೆ ನಂಗೇನೂ ಬೇಜಾರಿಲ್ಲ ಸಾರ್. ಬೇಕಾದ್ರೆ ನೀವೇ ಇಟ್ಕೊಳ್ಳಿ," ಎಂದರು ಡಾಕ್ಟರು. ಆಮೇಲೆ ಕೈಜೋಡಿಸಿದರು. "ಆದ್ರೆ ಆ ಮೊದಲನೇದರಿಂದ ಮಾತ್ರ ನನ್ನ ಹೆಸರು ತೆಗೆದುಬಿಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ!"