ಬಲವಂತ ಇಲ್ದಿರೋ ಎಬ್ಬೆಟ್ಟು

ನಮ್ಮ ಮಿರ್ಲೆ ಸೀಮೇಲಿ ಬಲವಂತ ಇಲ್ದೆ ಒಂದು ಕೆಲ್ಸಾನೂ ಆಗಕಿಲ್ಲ. ಮುದ್ದೆ ಇಕ್ಕಕ್ಕೆ ಬಂದ್ರೆ ಮೂರು ಸಲ ಬ್ಯಾಡ ಅನ್ಬೇಕು, ನಾಕನೇ ಸಲ ಅವ್ರೇ ಕೈ ಇಡ್ಕಂಡು ಇಕ್ಬೇಕು. ಒಂದೇ ಏಟ್ಗೆ ಊಂ ಅಂದೋನು ಗತಿಗೆಟ್ಟೋನು. ನಾನು, ಈ ದೊಡ್ಡಬೀರಯ್ಯ, ಅಂಗಲ್ಲ ಕಣ್ರೀ. ನನ್ ಮದ್ವೇಲಿ ತಾಳಿ ಕಟ್ಸಕ್ಕೇ ಏಳು ಜನ ಬೇಕಾದ್ರು.

ಮಗಳು ಸಾಕಮ್ಮಂಗೆ ಮನೆ ಕಟ್ಕಳಕ್ಕೆ ನಮ್ಮ ಮನೆ ಇಂದ್ಲ ಇತ್ಲು ಬರ್ಕೊಡಾನ ಅಂತ ರಿಜಿಸ್ಟ್ರಿ ಆಫೀಸಿಗೆ ಹೋದ್ವಿ. ಸುಕ್ರವಾರ ಗುದ್ಲಿ ಪೂಜೆ. ತಪ್ಪುದ್ರೆ ಆಸಾಡ.

ಸಾಹೇಬ್ರು ಉಮಾಶಂಕರಪ್ನೋರು ಕೇಳುದ್ರು: "ಯಜಮಾನ್ರೇ, ಯಾರಾದ್ರೂ ಬಲವಂತ ಮಾಡಿದಾರಾ?"

ಅಷ್ಟು ಜನದ ಮುಂದೆ ಮರ್ವಾದೆ ಕಳ್ಕಳಕ್ಕಾಯ್ತದಾ? "ಅಯ್ಯೋ, ನಂಗೆಲ್ಲಿ ಇಷ್ಟ ಸಾಮಿ! ಎಲ್ಲಾ ಸೇರಿ ಬಲವಂತ ಮಾಡುದ್ರು, ಬಂದೆ" ಅಂದೆ.

ಸಾಹೇಬ್ರು ಪೆನ್ನು ಮುಚ್ಚುದ್ರು. "ಬಲವಂತದ ಪತ್ರ ಕಾನೂನಲ್ಲಿ ನಿಲ್ಲಲ್ಲ."

"ಅಪ್ಪೋ, ನಿನ್ ಮರ್ವಾದೆಗೆ ಬೆಂಕಿ ಬೀಳ! ಇಷ್ಟ ಅನ್ನು!" ಅಂದ್ಲು ಸಾಕಮ್ಮ.

"ನೋಡಿ ಸಾಮಿ, ಈಗ್ಲೂ ಮಾಡ್ತಾವ್ಳೆ."

ಸಾಹೇಬ್ರು ಗೋಡೆ ಮೇಲಿನ ಸುತ್ತೋಲೆ ಓದುದ್ರು: "ಅರ್ಜಿದಾರರು ಸ್ವಇಚ್ಛೆಯಿಂದ ಬಂದಿರುವುದಾಗಿ ಒಪ್ಪುವವರೆಗೆ ಅವರನ್ನು ಕಚೇರಿಯಿಂದ ಹೊರಗೆ ಬಿಡತಕ್ಕದ್ದಲ್ಲ."

ಜವಾನ ಮಂಟಯ್ಯ ಬಾಗ್ಲಾಕಿ ಅದಕ್ಕೇ ಒರಗಿ ಕುಂತ್ಕಂಡ. ನೀರಿಲ್ಲ, ಟೀ ಇಲ್ಲ. ಮೂರು ಗಂಟೆಗಂಟ ತಡುದೆ. ಇನ್ನೊಬ್ಬ ಆಗಿದ್ರೆ ಮಧ್ಯಾಹ್ನಕ್ಕೇ ಮನ್ಸಾರೆ ಒಪ್ಪಿರೋನು.

ಮಂಟಯ್ಯ ಮಸಿ, ಪತ್ರ ಇಡ್ಕಂಡು ಎದ್ದು ಬಂದ. "ಒತ್ತಿ ಅಜ್ಜ."

"ಬ್ಯಾಡ ಬುಡು."

"ಒತ್ತಿ ಅಜ್ಜ."

"ಬ್ಯಾಡ ಕಣಪ್ಪ."

"ಒತ್ತಿ ಅಂದೆ!"

"ಬ್ಯಾಡ್ವೇ ಬ್ಯಾಡ."

ನಾಕನೇ ಸಲ ಅವ್ನು ಕೇಳ್ಲಿಲ್ಲ. ಕೈ ಇಡ್ಕಂಡು, ಎಬ್ಬೆಟ್ಟು ಮಸಿಗೆ ಅದ್ದಿ, ಕಾಗ್ದಕ್ಕೆ ಒತ್ತೇಬುಟ್ಟ. "ಯಾರ ಬಲವಂತವೂ ಇಲ್ಲದೆ" ಅನ್ನೋ ಸಾಲಿನ ಕೆಳಗ್ಡೆ ಚೆನ್ನಾಗಿ ಮೂಡ್ತು.

"ಈಗ ಸರಿ. ಮನೆತನಸ್ಥ ಕಣೋ ನೀನು" ಅಂದೆ. ಸಾಹೇಬ್ರೂ "ಈಗ ಕ್ರಮಬದ್ಧ" ಅಂತ ಸೀಲು ಹೊಡುದ್ರು.

ಸುಕ್ರವಾರ ಪೂಜೆ ಆಯ್ತು. ಸಾಹೇಬ್ರು ಊಟಕ್ಕೆ ಬಂದಿದ್ರು. ಎರಡ್ನೇ ಮುದ್ದೆಗೆ ಮೂರು ಸಲ ಬ್ಯಾಡ ಅಂದ್ರು. ಕೈ ಇಡ್ಕಂಡು ಇಕ್ದೆ. ತಿಂದ್ರು. ಮೂರ್ನೇದಕ್ಕೆ ಕಣ್ಣಲ್ಲಿ ನೀರು ಬಂತು. ಅದನ್ನೂ ತಿಂದ್ರು.

ಆಮೇಲೆ ಸಾಕಮ್ಮ ಕುಂಕ್ಮ ಕಲ್ಸಿದ ತಟ್ಟೆ, "ಯಾರ ಬಲವಂತವೂ ಇಲ್ಲದೆ ಉಂಡೆ" ಅಂತ ಬರ್ದಿದ್ದ ಒಂದು ಬಿಳೀ ಹಾಳೆ ತಂದು ಮುಂದೆ ಮಡುಗುದ್ಲು. ಸಾಹೇಬ್ರು ಏದುಸ್ರು ಬುಡ್ತಾ ತಾವಾಗೇ ಎಬ್ಬೆಟ್ಟು ನೀಡುದ್ರು.

ನಾನು ಬುಡ್ತೀನಾ? "ಅಂಗಲ್ಲ ಸಾಮಿ, ಮೊದ್ಲು ಮೂರು ಸಲ ಬ್ಯಾಡ ಅನ್ನಿ" ಅಂದೆ.

ಅಂದ್ರು.